ಬಾದಾಮಿಯಿಂದ ಮಹಾಕೂಟಕ್ಕೆ ಕಾಲುದಾರಿ: ಗುಡ್ಡ, ಕೊಳ್ಳ ಮತ್ತು ತೀರ್ಥಗಳ ತಿಳಿವಳಿಕೆ

ಶ್ರೀ ಮಹಾಕೂಟೇಶ್ವರನ ದರ್ಶನಕ್ಕೆ ಬರುವ ಭಕ್ತಾದಿಗಳಲ್ಲಿ ಈಗ ಬಹುತೇಕ ಜನ ಬಾದಾಮಿಯಲ್ಲಿ ಟಂಟಂ, ಆಟೋ ಇಲ್ಲವೇ ಕಾರು ಹಿಡಿದು ಡಾಂಬರು ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಸುತ್ತು ಹಾಕಿ ಬರುತ್ತಾರೆ. ಅದು ತಪ್ಪಲ್ಲ. ವಯಸ್ಸಾದವರು, ಮಕ್ಕಳಿರುವವರು, ಮೊಣಕಾಲು ನೋವಿನವರು ಹಾಗೇ ಬರಬೇಕು. ಆದರೆ ಬಾದಾಮಿಯ ಪೂರ್ವದ ಗುಡ್ಡ ಹತ್ತಿ, ಅದರ ನೆತ್ತಿಯ ಮೇಲಿಂದ ಅಡ್ಡ ಹಾಯ್ದು, ಕಲ್ಲು ಪಾವಟಿಗೆ ಇಳಿದು ನೇರವಾಗಿ ಕ್ಷೇತ್ರಕ್ಕೆ ಸೇರುವ ಹಳೇ ಕಾಲುದಾರಿಯೊಂದಿದೆ. ಅದು ಬರೀ ಐದು ಕಿಲೋಮೀಟರಿನ ಆಸುಪಾಸು. ಸಾವಕಾಶ ನಡೆದರೂ ಎರಡು ತಾಸಿನ ದಾರಿ. ಈ ದಾರಿಯಲ್ಲಿ ಬಂದವರಿಗೆ ಮಾತ್ರ ಒಂದು ಸಂಗತಿ ಕಣ್ಣಿಗೆ ಕಾಣುತ್ತದೆ: ದೇವರು ಇದೇ ಜಾಗದಲ್ಲಿ ಯಾಕೆ ನೆಲೆ ನಿಂತ ಎಂಬುದು. ಅದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಮೊದಲು ದಾರಿಯ ಹಿರಿಮೆ ತಿಳಿಯೋಣ. ಬಾದಾಮಿ ಅಂದರೆ ಹಿಂದಿನ ವಾತಾಪಿ. ಒಂದನೇ ಪುಲಕೇಶಿ ಕ್ರಿ.ಶ. 543ರಲ್ಲಿ ಇಲ್ಲಿನ ಗುಡ್ಡವನ್ನು ಕೋಟೆ ಮಾಡಿದ ಎಂದು ಅಲ್ಲಿಯ ಬಂಡೆಗಲ್ಲಿನ ಶಾಸನವೇ ಹೇಳುತ್ತದೆ. ರಾಜಧಾನಿ ಗುಡ್ಡದ ಆ ಕಡೆ, ಅರಸು ಮನೆತನ ನಡೆದುಕೊಳ್ಳುವ ದೇವರು ಈ ಕಡೆ. ಆ ಕಾಲದ ಶಾಸನದಲ್ಲಿ ಸ್ವಾಮಿಯ ಹೆಸರು ಮಕುಟೇಶ್ವರನಾಥ. ಪುಲಕೇಶಿಯ ರಾಣಿ ದುರ್ಲಭದೇವಿ ಈ ದೇವರಿಗೆ ದತ್ತಿ ಕೊಟ್ಟದ್ದನ್ನು ಮಗ ಮಂಗಲೇಶನ ಕಾಲದ ಕಂಬದ ಶಾಸನ ದಾಖಲಿಸಿದೆ. ಕ್ರಿ.ಶ. 602ರ ಸುಮಾರಿನ ಆ ಕಂಬ ಈಗ ಇಲ್ಲಿಲ್ಲ. ಅದನ್ನು ನೋಡಬೇಕಾದರೆ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿ ನೋಡಬೇಕು. ಮುಂದೆ ವಿಜಯಾದಿತ್ಯ ಅರಸನ (ಕ್ರಿ.ಶ. 696–733) ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿ ಎಂಬಾಕೆ ಈ ಸ್ವಾಮಿಗೆ ಮಾಣಿಕ್ಯದ ಪೀಠ ಮಾಡಿಸಿ ಬೆಳ್ಳಿಯ ಛತ್ರಿ ಕೊಟ್ಟಳು. ಅವಳ ದಾನದ ಶಾಸನ ಕನ್ನಡದಲ್ಲೇ ಇದೆ. ರಾಣಿ, ಗಣಿಕೆ, ದಂಡಾಳು, ಕಲ್ಲುಕುಟಿಗ, ಸಾದಾ ಒಕ್ಕಲಿಗ, ಯಾರೇ ಆಗಲಿ ರಾಜಧಾನಿಯಿಂದ ದೇವರ ಬಳಿ ಬರಬೇಕಾದರೆ ನಡುವೆ ಈ ಗುಡ್ಡ ಇದ್ದೇ ಇತ್ತಲ್ಲ!

ಈ ನಾಡಿನ ಗುಡ್ಡಗಳನ್ನು ತಿಳಿಯಬೇಕಾದರೆ ಮೂರು ಮಾತು ಗೊತ್ತಿರಬೇಕು. ಕೊಳ್ಳ, ಫಡಿ, ತೀರ್ಥ. ಎರಡು ಕಡೆ ಕಲ್ಲಿನ ಗೋಡೆ ಎದ್ದು, ನಡುವೆ ಹಳ್ಳ ಹರಿಯುವ ಇಕ್ಕಟ್ಟಾದ ಕಣಿವೆಗೆ ನಮ್ಮ ಕಡೆ ಕೊಳ್ಳ ಅಂತಾರೆ. ಬಂಡೆಯ ಕೆಳಗೆ ಮಳೆ ಬಿಸಿಲಿಗೆ ಆಸರೆಯಾಗುವ ಪೊಟರೆ ಫಡಿ. ಕಲ್ಲಿನೊಳಗಿಂದ ನೀರು ಬಂದು ನಿಲ್ಲುವ ಜಾಗ ತೀರ್ಥ. ಈಗ ಊರುಗಳ ಹೆಸರು ಹೇಳಿ ನೋಡ್ರಿ: ನಾಗನಾಥನ ಕೊಳ್ಳ, ಹುಲಿಗೆಮ್ಮನ ಕೊಳ್ಳ, ಸಿಡಿಲಫಡಿ, ಅರಳಿ ತೀರ್ಥ, ಅಗಸ್ತ್ಯ ತೀರ್ಥ. ದೇವರ ಹೆಸರಿಗೂ ಕಲ್ಲು-ನೀರಿನ ಹೆಸರಿಗೂ ಗಂಟು ಬಿದ್ದಿದೆ. ಇದು ಸುಮ್ಮನೆ ಆದದ್ದಲ್ಲ.

ಕಾರಣ ಕಲ್ಲಿನಲ್ಲಿದೆ. ಬಾದಾಮಿಯ ಕೆಂಪು ಕಲ್ಲು ಮೂಲತಃ ಉಸುಕು. ಭೂಮಿಯ ಮೇಲೆ ಮರಗಿಡ, ಪ್ರಾಣಿ ಪಕ್ಷಿ ಹುಟ್ಟುವುದಕ್ಕಿಂತ ಎಷ್ಟೋ ಮೊದಲು, ಹರಿಯುವ ನೀರು ಹೊತ್ತು ತಂದ ಉಸುಕು ಪದರ ಪದರವಾಗಿ ಕುಂತು, ಮೇಲಿನ ಭಾರಕ್ಕೆ ಗಟ್ಟಿಯಾಗಿ ಕಲ್ಲಾಯಿತು. ಅದರೊಳಗಿನ ಕಬ್ಬಿಣದ ಅಂಶವೇ ಈ ಕೆಂಪು ಬಣ್ಣಕ್ಕೆ ಕಾರಣ. ಗುಹಾಲಯಗಳ ಗೋಡೆಯಲ್ಲಿ ಸೀರೆಯ ಸೆರಗಿನಂತೆ ಬಣ್ಣ ಬಣ್ಣದ ಗೀರುಗಳು ಕಾಣುತ್ತವಲ್ಲ, ಅವು ಯಾರೂ ಬಳಿದದ್ದಲ್ಲ, ಆ ಪದರಗಳೇ. ದಾರಿಯಲ್ಲಿ ಬಗ್ಗಿ ನೋಡಿದರೆ ಕೆಲವು ಹಾಸುಬಂಡೆಗಳ ಮೇಲೆ ಹೊಳೆಯ ದಂಡೆಯ ಉಸುಕಿನಲ್ಲಿ ಇರುವಂಥ ಸಣ್ಣ ಅಲೆಯ ಗುರುತು ಸಿಗುತ್ತದೆ. ಗುಂಡನೆಯ ಹರಳುಗಳು ಕಲ್ಲಿನೊಳಗೇ ಸಿಕ್ಕಿಬಿದ್ದಿರುತ್ತವೆ. ಹೊಳೆಯಲ್ಲಿ ಉರುಳಿ ಉರುಳಿ ನುಣುಪಾದ ಹರಳು ಅವು. ಯಾವ ಹೊಳೆಯೋ, ಅದಕ್ಕೆ ಹೆಸರಿಡಲು ಆಗ ಯಾರಿದ್ದರು!

ಉಸುಕುಗಲ್ಲಿಗೆ ಇನ್ನೊಂದು ಗುಣ. ಅದು ನೆಟ್ಟಗೆ ಸೀಳುತ್ತದೆ. ಮೇಲಿಂದ ಕೆಳಗೆ ಗೆರೆ ಎಳೆದಂತೆ ಬಿರುಕು. ಆ ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ, ಮಣ್ಣು ಸೇರುತ್ತದೆ, ಆಲವೋ ಅತ್ತಿಯೋ ಬೇರು ಬಿಡುತ್ತದೆ. ಬಿರುಕು ಅಗಲವಾಗಿ ಗಲ್ಲಿಯಾಗುತ್ತದೆ, ಗಲ್ಲಿ ಅಗಲವಾಗಿ ಕೊಳ್ಳವಾಗುತ್ತದೆ. ಇದನ್ನು ನೋಡಲು ದೂರ ಹೋಗಬೇಕಿಲ್ಲ. ಬಾದಾಮಿಯ ವಸ್ತುಸಂಗ್ರಹಾಲಯದ ಬದಿಯಿಂದ ಮೇಲಿನ ಶಿವಾಲಯಕ್ಕೆ ಹತ್ತುವಾಗ ಎರಡೂ ಕಡೆ ಕಡಿದಾದ ಬಂಡೆ, ತಲೆಯ ಮೇಲೆ ಪಟ್ಟಿಯಷ್ಟೇ ಆಕಾಶ ಕಾಣುವ ಸಂದಿಯಲ್ಲಿ ನಡೆಯುತ್ತೀರಿ. ಅದೇ ಎಳೆಯ ಕೊಳ್ಳ ಅಂತ ತಿಳಿಯಿರಿ. ನಾಡಿನ ಈ ಭಾಗದಲ್ಲಿ ಇಂಥ ಕಲ್ಲಿನ ಕಣಿವೆ ಹಲವು ಕಡೆ ಇವೆ. ಸವದತ್ತಿಯ ಬಳಿ ಮಲಪ್ರಭೆ ಗುಡ್ಡವನ್ನು ಸೀಳಿ ಹಾಯುವ ನವಿಲುತೀರ್ಥವೂ ಅಂಥದ್ದೇ, ಅಲ್ಲೇ ಆಣೆಕಟ್ಟು ಕಟ್ಟಿದ್ದಾರೆ.

ಈಗ ಮುಖ್ಯ ವಿಷಯ. ಗುಡ್ಡದ ನೆತ್ತಿ ಬಹಳ ಕಡೆ ಚಪ್ಪಟೆ. ಮಳೆಗಾಲದಲ್ಲಿ ಅಲ್ಲಿ ಬಿದ್ದ ನೀರಿನಲ್ಲಿ ಒಂದು ಪಾಲು ಬಂಡೆ ಮೇಲಿಂದ ಜಾರಿ ಹಳ್ಳಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಬಿರುಕುಗಳಲ್ಲಿ ಇಳಿದು, ಕಲ್ಲಿನ ಹೊಟ್ಟೆಯಲ್ಲಿ ನಿಧಾನಕ್ಕೆ ಸಾಗಿ, ಎಲ್ಲಿ ಕೆಳಗೆ ಇಳಿಯಲು ದಾರಿ ಇಲ್ಲವೋ ಅಲ್ಲಿ ಗುಡ್ಡದ ಪಾದದಲ್ಲಿ ಬುಗ್ಗೆಯಾಗಿ ಹೊರಗೆ ಬರುತ್ತದೆ. ಮೇಲಿನ ಮಳೆ ನಿಂತು ತಿಂಗಳುಗಳಾದರೂ ಕೆಳಗಿನ ಒರತೆ ನಿಲ್ಲುವುದಿಲ್ಲ. ಮಳೆ ಕಡಿಮೆಯಿರುವ, ಬೇಸಿಗೆ ಸುಡುವ ಈ ಸೀಮೆಯಲ್ಲಿ ವರ್ಷವಿಡೀ ನೀರಿರುವ ಜಾಗ ಅಂದರೆ ಪಶು ಪಕ್ಷಿಗೆ, ದಾರಿಹೋಕನಿಗೆ, ತಪಸ್ಸಿಗೆ ಕುಂತವನಿಗೆ ಪ್ರಾಣ. ಅಲ್ಲಿ ದೇವರು ನೆಲೆಸಿದ. ಮಹಾಕೂಟದ ವಿಷ್ಣು ಪುಷ್ಕರಣಿ ಇಂಥ ನೈಸರ್ಗಿಕ ಬುಗ್ಗೆಯ ನೀರಿನದು. ಅದರೊಳಗಿನ ಪುಟ್ಟ ಮಂಟಪದಲ್ಲಿ ಪಂಚಮುಖ ಲಿಂಗ. ಸುತ್ತ ಆಲದ ಮರ, ಮಹಾಕೂಟೇಶ್ವರ, ಮಲ್ಲಿಕಾರ್ಜುನ, ಸಂಗಮೇಶ್ವರ ಮೊದಲಾದ ಗುಡಿಗಳು. ಗುಡಿ ಕಟ್ಟಿದ ಮೇಲೆ ಹೊಂಡ ತೋಡಿದ್ದಲ್ಲ, ನೀರು ಇದ್ದಲ್ಲಿಗೆ ಗುಡಿ ಬಂದದ್ದು ಎಂದೇ ನನ್ನ ತಿಳಿವಳಿಕೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬೇಸರ ಮಾಡಬೇಡಿ. ಒಂದು ಎಕರೆ ಗುಡ್ಡದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಸುಮಾರು 40 ಸಾವಿರ ಲೀಟರ್ ನೀರು. ಹತ್ತು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್! ನೀವು ನಡೆಯುವ ಐದು ಕಿಲೋಮೀಟರಿನಲ್ಲಿ ಎಡಬಲಕ್ಕೆ ಎಷ್ಟು ಎಕರೆ ಬಂಡೆ ಹಾಸಿದೆ ಎಂದು ಕಣ್ಣಳತೆಯಲ್ಲೇ ನೋಡಿರಿ. ಈ ಲೆಕ್ಕದಿಂದ ಎರಡು ಮಾತು ತಿಳಿಯುತ್ತದೆ. ಒಂದು, ಹತ್ತು ನಿಮಿಷದ ಜೋರು ಮಳೆಗೆ ಒಣಗಿದ ಕೊಳ್ಳ ಹೇಗೆ ಏಕಾಏಕಿ ತುಂಬಿ ಹರಿಯುತ್ತದೆ ಎಂಬುದು. ಇನ್ನೊಂದು, ಪುಷ್ಕರಣಿಗೆ ಈ ನೆತ್ತಿಯೇ ಮನೆಯ ಮಾಳಿಗೆಯ ಹಾಗೆ. ಮಾಳಿಗೆ ಮೇಲೆ ಹೊಲಸು ಮಾಡಿ ಕೆಳಗೆ ಕೊಡದಲ್ಲಿ ಆ ನೀರು ಹಿಡಿದು ಕುಡಿಯುವವರು ಉಂಟೇ?

ದಾರಿ ಹೀಗಿದೆ. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ದಂಡೆಗೆ ಬನ್ನಿ. ವಾತಾಪಿ-ಇಲ್ವಲರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆಡಾಗಿ ಹೊಟ್ಟೆ ಸೇರಿದ ವಾತಾಪಿಯನ್ನು ಅಗಸ್ತ್ಯ ಮುನಿಗಳು ಜೀರ್ಣ ಮಾಡಿಕೊಂಡ ಜಾಗ ಇದು ಎಂಬ ಪ್ರತೀತಿ. ಕೆರೆಯ ಪೂರ್ವ ತುದಿಗೆ ಭೂತನಾಥ ಗುಡಿಗಳು. ಮಳೆಗಾಲದಲ್ಲಿ ಅದರ ಹತ್ತಿರ ಬಂಡೆಯ ಮೇಲಿಂದ ಅಕ್ಕ-ತಂಗಿ ಎಂಬ ಜೋಡಿ ಜಲಧಾರೆ ಬೀಳುತ್ತದೆ. ಮಳೆ ನಿಂತರೆ ಧಾರೆಯೂ ನಿಲ್ಲುತ್ತದೆ. ಬಂಡೆ ಮೇಲಿಂದ ಜಾರಿ ಹೋಗುವ ನೀರು ಅಂದೆನಲ್ಲ, ಅದು ಇದೇ. ಅಲ್ಲೇ ಕೆರೆಯ ದಂಡೆಯ ಬಂಡೆಗಲ್ಲಿನಲ್ಲಿ ಕಪ್ಪೆ ಅರಭಟ್ಟನ ಶಾಸನ. ಕನ್ನಡದ ತ್ರಿಪದಿ ಮೊಟ್ಟಮೊದಲು ಕಾಣಿಸುವ ಶಾಸನಗಳಲ್ಲಿ ಅದು ಬಹಳ ಹೆಸರಾದದ್ದು. ಶಾಲೆ ಕಲಿತ ಮಕ್ಕಳು ಜೊತೆಗಿದ್ದರೆ ತೋರಿಸಿ, ಅವರ ಪಾಠದಲ್ಲಿ ಬಂದಿರುತ್ತದೆ.

ಅಲ್ಲಿಂದ ಮೇಲೆ ಮಹಾಕೂಟಕ್ಕೆ ಹೋಗುವ ಕಾಲುದಾರಿ ಯಾವುದು ಎಂದು ಊರವರನ್ನು ಕೇಳಿಯೇ ಹೊರಡಬೇಕು. ದನಗಾಹಿಗಳ, ಕಟ್ಟಿಗೆಯವರ ದಾರಿಗಳು ಅಲ್ಲಲ್ಲಿ ಕವಲೊಡೆಯುತ್ತವೆ. ಎರಡು ದಾರಿ ಕಂಡರೆ ಹೆಚ್ಚು ಸವೆದದ್ದನ್ನು ಹಿಡಿಯಿರಿ ಎಂಬ ಮಾತು ಇಲ್ಲಿ ನಡೆಯುವುದಿಲ್ಲ, ದನದ ದಾರಿಯೇ ಹೆಚ್ಚು ಸವೆದಿರುತ್ತದೆ. ಹಿಂದೆ ಗುಂಪಾಗಿ ನಡೆದು ಬರುವವರಲ್ಲಿ ದಾರಿ ಬಲ್ಲ ಹಿರಿಯರೊಬ್ಬರು ಇದ್ದೇ ಇರುತ್ತಿದ್ದರು. ಈಗ ಮೊಬೈಲಿನ ನಕ್ಷೆ ನೋಡಿಕೊಂಡು ಇಬ್ಬಿಬ್ಬರೇ ಬರುವ ಹುಡುಗರನ್ನು ಕಾಣುತ್ತೇವೆ. ಕೊಳ್ಳದೊಳಗೆ ಇಳಿದರೆ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ.

ಏರು ಮುಗಿದ ಮೇಲೆ ನೆತ್ತಿ. ಇಲ್ಲಿ ಮಲೆನಾಡಿನಂಥ ದಟ್ಟ ಕಾಡು ಹುಡುಕಬೇಡಿ. ಇದು ಒಣಸೀಮೆಯ ಕುರುಚಲು ಕಾಡು. ತುಗ್ಗಲಿ, ಕಕ್ಕೆ, ಕಾರೆ, ಕವಳಿ, ಜಾಲಿ, ಕಳ್ಳಿ, ಸೀತಾಫಲ. ಬೇಸಿಗೆಯಲ್ಲಿ ಎಲೆ ಉದುರಿ ಸತ್ತಂತೆ ನಿಂತಿರುತ್ತವೆ, ಎರಡು ಮಳೆ ಬಿದ್ದರೆ ವಾರದೊಳಗೆ ಗುಡ್ಡದ ಬಣ್ಣವೇ ಬದಲು. ಕಕ್ಕೆ ಮಾತ್ರ ಬಿಸಿಲಿಗೆ ಹೆದರದೆ ಬೇಸಿಗೆಯಲ್ಲೇ ಹಳದಿ ಹೂವಿನ ಗೊಂಚಲು ಬಿಡುತ್ತದೆ. ಈ ಗಿಡಗಂಟಿಗಳನ್ನು ಕಂಡು "ಏನ್ರೀ ಬರೀ ಮುಳ್ಳು" ಅನ್ನುವವರಿದ್ದಾರೆ. ಈ ಮುಳ್ಳಿನ ಬೇರೇ ಬಂಡೆ ಮೇಲಿನ ಚೂರು ಮಣ್ಣನ್ನು ಹಿಡಿದು ನಿಲ್ಲಿಸಿರುವುದು. ಮಣ್ಣಿದ್ದರೆ ನೀರು ಒಂದು ಗಳಿಗೆ ನಿಂತು ಬಿರುಕಿಗೆ ಇಳಿಯುತ್ತದೆ, ಇಲ್ಲವಾದರೆ ನೇರ ಹಳ್ಳಕ್ಕೆ. ಬೀಡಿ ಸೇದಿ ಎಸೆದ ಒಂದು ಕಿಡಿಗೆ ಬೇಸಿಗೆಯಲ್ಲಿ ಇಡೀ ಗುಡ್ಡದ ಹುಲ್ಲು ಉರಿದುಹೋಗುವುದಿದೆ. ಅದರ ಮುಂದಿನ ಮಳೆಗೆ ಬರಿದಾದ ಮಣ್ಣು ಕೊಚ್ಚಿ ಹೋಗುತ್ತದೆ. ಬುಗ್ಗೆ ಸೊರಗುವ ದಾರಿ ಇದೇ.

ನೆತ್ತಿಯಲ್ಲಿ ಅಲ್ಲಲ್ಲಿ ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತಿರುತ್ತದೆ. ನಮಗೆ ಕುಡಿಯಲು ಅದು ಯೋಗ್ಯವಲ್ಲ, ಆದರೆ ನವಿಲಿಗೆ, ಮಂಗನಿಗೆ, ಕುರಿಗೆ ಅದೇ ಆಸರೆ. ಅದರಲ್ಲಿ ಕಾಲು ತೊಳೆಯುವುದು, ಸಾಬೂನು ಹಚ್ಚುವುದು ಬೇಡ. ನಿಮ್ಮ ನೀರು ನೀವೇ ಹೊರಬೇಕು. ಒಬ್ಬರಿಗೆ ಎರಡು ಲೀಟರ್ ಕಡಿಮೆ ಪಕ್ಷ. ನೆರಳಿಲ್ಲದ ಬಂಡೆ ಮಧ್ಯಾಹ್ನ ಹಂಚಿನಂತೆ ಕಾಯುತ್ತದೆ. ಫೆಬ್ರವರಿ ದಾಟಿದ ಮೇಲೆ ಬೆಳಿಗ್ಗೆ ಏಳರೊಳಗೆ ಹೊರಟು ಬಿಸಿಲೇರುವುದರೊಳಗೆ ಸ್ವಾಮಿಯ ಸನ್ನಿಧಿ ಸೇರಬೇಕು. ನಡೆಯಲು ಒಳ್ಳೆಯ ಕಾಲ ಅಕ್ಟೋಬರದಿಂದ ಫೆಬ್ರವರಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬಂದವರು ಅನೇಕರು ಇಲ್ಲಿಗೂ ಬರುತ್ತಾರೆ, ಅವರಿಗೆ ಹವೆ ಅನುಕೂಲ. ಬರಿಗಾಲಿನ ಹರಕೆ ಇದ್ದವರು ಹೊತ್ತೇರುವ ಮೊದಲೇ ಬಂಡೆ ದಾಟಿಬಿಡಬೇಕು.

ಇಳಿಯುವ ಕಡೆ ಹಳೆಯ ಕಲ್ಲಿನ ಪಾವಟಿಗೆಗಳಿವೆ. ಕಾಲು ಸಾವಕಾಶ ಇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಇಲ್ಲಿಗೆ ಬಂದಾಗ ಗಮನಿಸಿ: ಮೇಲೆ ಕುರುಚಲು ಇದ್ದ ಗಿಡ ಕೆಳಗಿಳಿದಂತೆ ಎತ್ತರವಾಗುತ್ತದೆ, ಎಲೆ ಹಸಿರಾಗುತ್ತದೆ, ಗಾಳಿ ತಂಪಾಗುತ್ತದೆ, ಹಕ್ಕಿಯ ದನಿ ಹೆಚ್ಚುತ್ತದೆ. ನೀರು ಕಣ್ಣಿಗೆ ಬೀಳುವ ಮೊದಲೇ ಗಿಡಗಳು ಅದರ ಸುದ್ದಿ ಹೇಳುತ್ತವೆ. ಬಿಸಿಲಲ್ಲಿ ಬಂಡೆ ದಾಟಿ ಬಂದವನಿಗೆ ಆಲದ ನೆರಳಲ್ಲಿ ಆ ತುಂಬಿದ ಹೊಂಡ ಕಂಡಾಗ ಆಗುವ ಸಮಾಧಾನವನ್ನು ವಾಹನದಲ್ಲಿ ಬಂದವರಿಗೆ ಬಾಯಿಂದ ಹೇಳಿ ತಿಳಿಸುವುದು ಕಷ್ಟ. ಕ್ಷೇತ್ರದ ಹಳೆಯ ಬಾಗಿಲಿನಲ್ಲಿ ಎಲುಬಿನ ಗೂಡಿನಂಥ ಎರಡು ಭೀಕರ ಮೂರ್ತಿಗಳಿವೆ. ಜನ ಅವಕ್ಕೆ ಬೇರೆ ಬೇರೆ ಹೆಸರು ಹೇಳುತ್ತಾರೆ. ಮಕ್ಕಳು ಹೆದರಿದರೆ ನಗಬೇಡಿ, ಹೆದರಲೆಂದೇ ಮಾಡಿದ್ದು ಅವು.

ಸಮಯ, ಶಕ್ತಿ ಇದ್ದವರಿಗೆ ಇದೇ ಗುಡ್ಡಸಾಲಿನಲ್ಲಿ ಬೇರೆ ದಾರಿಗಳೂ ಇವೆ. ಬಾದಾಮಿಯ ಪೂರ್ವಕ್ಕೆ ಗುಡ್ಡದ ನಡುವೆ ಇರುವ ಸಿಡಿಲಫಡಿ ಅದರಲ್ಲಿ ಹೆಸರಾದದ್ದು. ಕಮಾನಿನಂತೆ ಬಾಗಿದ ದೊಡ್ಡ ಬಂಡೆ, ಅದರ ಮಾಳಿಗೆಯಲ್ಲಿ ತೂತುಗಳು. ಸಿಡಿಲು ಬಡಿದು ಆದದ್ದು ಎಂದು ಜನ ಹೇಳುತ್ತಾರೆ, ಹೆಸರೂ ಅದರಿಂದಲೇ. ಚಾಲುಕ್ಯರಿಗಿಂತ ಸಾವಿರಾರು ವರ್ಷ ಮೊದಲಿನ ಜನ ಈ ಆಸರೆಯಲ್ಲಿ ವಾಸ ಮಾಡಿದ್ದರು. ಅವರ ಸಣ್ಣ ಕಲ್ಲಿನ ಆಯುಧಗಳು ಇಲ್ಲಿ ದೊರೆತಿವೆ, ಬಂಡೆಯ ಮೇಲೆ ಕೆಂಪು ಬಣ್ಣದ ಚಿತ್ರಗಳಿವೆ. ಆ ಬಣ್ಣದ ಚಿತ್ರವನ್ನು ಚೆನ್ನಾಗಿ ಕಾಣಲಿ ಅಂತ ನೀರು ಚಿಮುಕಿಸುವುದು, ಸೀಮೆಸುಣ್ಣದಿಂದ ಗೆರೆ ಎಳೆಯುವುದು, ಕೈಯಿಂದ ಉಜ್ಜುವುದು ಯಾವುದೂ ಕೂಡದು. ಪಕ್ಕದಲ್ಲಿ ತಮ್ಮ ಹೆಸರು, ಪ್ರೀತಿಸಿದವಳ ಹೆಸರು ಕೊರೆಯುವವರಿಗೆ ಏನು ಹೇಳುವುದು? ಸಾವಿರಾರು ವರ್ಷ ಬಿಸಿಲು ಮಳೆಗೆ ಉಳಿದದ್ದು ಒಂದು ಮೊಳೆಗೆ ಉಳಿಯುವುದಿಲ್ಲ. ಅರಳಿ ತೀರ್ಥದಲ್ಲಿಯೂ ನೀರಿನ ಬಳಿ ಬಂಡೆಯಲ್ಲಿ ಕೊರೆದ ದೇವರ ಮೂರ್ತಿಗಳಿವೆ, ಅಲ್ಲಿಯೂ ಇದೇ ಎಚ್ಚರ.

ಮಹಾಕೂಟದಿಂದ ಶಿವಯೋಗಮಂದಿರದ ಕಡೆಗೆ ಹೋಗುವವರು ನಾಗನಾಥನ ಕೊಳ್ಳದ ಗುಡಿಯನ್ನು ವಿಚಾರಿಸಬಹುದು. ಕಾಡಿನೊಳಗೆ ಒಂಟಿಯಾಗಿ ನಿಂತ ಚಾಲುಕ್ಯರ ಕಾಲದ ಗುಡಿ. ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಲಜ್ಜಾಗೌರಿಯ ಮೂರ್ತಿ ಇಲ್ಲಿಯದೇ. ಇನ್ನು ಪಟ್ಟದಕಲ್ಲಿನ ದಿಕ್ಕಿಗೆ, ಭದ್ರನಾಯಕನ ಜಾಲಿಹಾಳದ ಬಳಿ ಹುಲಿಗೆಮ್ಮನ ಕೊಳ್ಳ. ಅರ್ಧಚಂದ್ರದಂತೆ ಬಾಗಿದ ಬಂಡೆಯ ಕೆಳಗೆ ಸಾಲಾಗಿ ಪುಟ್ಟ ಗುಡಿಗಳು, ಮಳೆಗಾಲದಲ್ಲಿ ಮೇಲಿಂದ ನೀರು ಬೀಳುತ್ತದೆ. ಜನ ಅಲ್ಲಿಗೆ ಹೋಗುವುದೇ ಆ ಧಾರೆಯಲ್ಲಿ ಮೀಯಲು. ಮೋಡ ಕವಿದಿದ್ದರೆ ಬೇಡ. ನಿಮ್ಮ ತಲೆ ಮೇಲೆ ಮಳೆ ಇಲ್ಲದಿದ್ದರೂ ನೆತ್ತಿಯಲ್ಲಿ ಸುರಿದಿರಬಹುದು, ನೀರು ಕೆಂಪಾಗಿ ತರಗೆಲೆ ಹೊತ್ತು ಬರತೊಡಗಿದರೆ ಸಾಮಾನು ಬಿಟ್ಟು ಮೇಲಿನ ಜಾಗಕ್ಕೆ ಸರಿಯಬೇಕು. ಎಕರೆಗೆ ನಾಲ್ಕು ಟ್ಯಾಂಕರಿನ ಲೆಕ್ಕ ಮರೆಯಬೇಡಿ.

ಬಂಡೆಯ ಅಂಚುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಕೆಳಗೆ ಊದುಬತ್ತಿ, ಕರ್ಪೂರ, ಅಡುಗೆಯ ಒಲೆ, ಪಟಾಕಿ ಹಚ್ಚಿದರೆ ಹೊಗೆಗೆ ಹುಳು ಏಳುತ್ತವೆ, ಕೊಳ್ಳದ ಸಂದಿಯಲ್ಲಿ ಓಡಲು ಜಾಗ ಇರುವುದಿಲ್ಲ. ದೀಪ ಧೂಪ ಗುಡಿಯ ಮುಂದೆ ಮಾತ್ರ ಇರಲಿ. ಮಂಗಗಳ ಮುಂದೆ ಚೀಲ ಬಿಚ್ಚಬೇಡಿ. ಬಾದಾಮಿಯ ಮಂಗ ಪ್ಲಾಸ್ಟಿಕ್ ಚೀಲದ ಸಪ್ಪಳಕ್ಕೇ ಬರುತ್ತದೆ, ಬಾಳೆಹಣ್ಣು ಕೊಟ್ಟು ರೂಢಿ ಮಾಡಿದವರು ನಾವೇ.

ಪುಷ್ಕರಣಿಯ ವಿಷಯ ಹೇಳದೆ ಮುಗಿಸಲಾಗದು. ಸ್ನಾನಕ್ಕೆ ಬಂದವರು ಸಾಬೂನು, ಶಾಂಪೂ, ಎಣ್ಣೆ ಹಚ್ಚಿ ಇಳಿಯುತ್ತಾರೆ. ಬಟ್ಟೆ ಒಗೆದು ಹೋಗುವವರಿದ್ದಾರೆ. ಹಳೇ ಬಟ್ಟೆಯನ್ನು ನೀರಲ್ಲೇ ಬಿಟ್ಟರೆ ಪಾಪ ಹೋಗುತ್ತದೆ ಅಂತ ಯಾರೋ ಹೇಳಿಕೊಟ್ಟಿದ್ದಾರೆ. ಬಟ್ಟೆ ಹೋಗುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಬುಗ್ಗೆಯಿಂದ ಹೊಸ ನೀರು ಬರುವ ವೇಗ ಅಷ್ಟಕ್ಕಷ್ಟೆ. ಶ್ರಾವಣ ಸೋಮವಾರ ಸಾವಿರಾರು ಜನ ಮುಳುಗಿ ಏಳುವ ದಿನ ಒಬ್ಬೊಬ್ಬರು ಒಂದೊಂದು ಚೂರು ಸಾಬೂನು ಕರಗಿಸಿದರೆ ನೀರೇನಾದೀತು ನೀವೇ ಎಣಿಸಿ. ಬರಿಯ ನೀರಲ್ಲಿ ಮೂರು ಸಲ ಮುಳುಗಿ ಏಳುವುದೇ ತೀರ್ಥಸ್ನಾನ. ಮೈ ತೊಳೆದುಕೊಳ್ಳುವ ಸ್ನಾನ ಮನೆಯಲ್ಲಿ ಮಾಡಿ ಬರಬೇಕು. ಗುಡ್ಡದ ನೆತ್ತಿಯಲ್ಲಿ ಎಸೆದ ಗುಟಕಾ ಚೀಟಿ, ನೀರಿನ ಬಾಟಲಿ ಮುಂದಿನ ಮಳೆಗೆ ಹಳ್ಳ ಹಿಡಿದು ಕೆಳಗೇ ಬರುತ್ತದೆ. ಹೊತ್ತು ತಂದದ್ದನ್ನು ಹೊತ್ತೇ ಇಳಿಯಿರಿ.

ನಡೆದು ಬಂದವರು ಹಿಂದಕ್ಕೆ ಹೋಗುವಾಗ ಮಧ್ಯಾಹ್ನ ಮೂರರ ಮೇಲೆ ಗುಡ್ಡ ಹತ್ತುವ ಯೋಚನೆ ಮಾಡಬಾರದು. ಬಂಡೆಗಳ ಸಂದಿಯಲ್ಲಿ ಕತ್ತಲೆ ಬೇಗ ಇಳಿಯುತ್ತದೆ, ಹಾವು ಹುಳ ಹೊರಬೀಳುವ ಹೊತ್ತೂ ಅದೇ. ತಡವಾಗಿದ್ದರೆ ರಸ್ತೆಯ ವಾಹನ ಹಿಡಿದು ಬಾದಾಮಿ ಸೇರಿರಿ. ಬೆಳಿಗ್ಗೆ ನೆತ್ತಿಯ ದಾರಿ, ಸಂಜೆ ಡಾಂಬರು ದಾರಿ ಎಂದು ಇಟ್ಟುಕೊಂಡರೆ ಗುಡ್ಡವನ್ನು ಮೇಲಿಂದಲೂ ಕೆಳಗಿಂದಲೂ ನೋಡಿದಂತಾಗುತ್ತದೆ. ವಾಹನದ ಕಿಟಕಿಯಿಂದ ಆ ಕೆಂಪು ಬಂಡೆಯ ಸಾಲು ನೋಡುವಾಗ ಮೇಲಿನ ಬಿರುಕುಗಳು ಎಲ್ಲೆಲ್ಲಿ ಇದ್ದವು, ಕೆಳಗೆ ಹಸಿರು ಎಲ್ಲೆಲ್ಲಿ ದಟ್ಟವಾಗಿದೆ ಎಂದು ಜೋಡಿಸಿ ನೋಡಲು ಮಕ್ಕಳಿಗೆ ಹೇಳಿರಿ.